ಕಪ್ಪೆ ಕೊಯ್ಯದ ಸೈನ್ಸು

ನಮ್ಮ ಮನೆಯಲ್ಲಿ ನೀರಿಗೆಂದೇ ಒಂದು ಕೋಣೆ ಇತ್ತು. ಅಡುಗೆ ಮನೆಗೂ ದನ ಕಟ್ಟುವ ಜಾಗಕ್ಕೂ ನಡುವೆ, ಕಿಟಕಿ ಇಲ್ಲದ, ಬೇಸಿಗೆಯಲ್ಲೂ ಅಂಗಾಲಿಗೆ ತಂಪು ಹತ್ತುವ ಕೋಣೆ. ಗೋಡೆಗುಂಟ ಹಿತ್ತಾಳೆಯ ಕೊಡಗಳು, ಮೂಲೆಯಲ್ಲಿ ಮಣ್ಣಿನ ಹರವಿ, ಗೂಟಕ್ಕೆ ತೂಗುಹಾಕಿದ ದಪ್ಪನೆಯ ಬಿಳಿ ಅರಿವೆ. ಆ ಅರಿವೆಯನ್ನು ಬೇರೆ ಯಾವ ಕೆಲಸಕ್ಕೂ ಮುಟ್ಟುವಂತಿರಲಿಲ್ಲ. ನಾವು ಜೈನರು. ಸೋಸದ ನೀರು ಕುಡಿಯುವುದಿಲ್ಲ, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಇಷ್ಟು ನಮ್ಮ ಕಡೆ ಎಲ್ಲರಿಗೂ ಗೊತ್ತು. ಸೋಸಿದ ಮೇಲೆ ಇನ್ನೊಂದು ಕೆಲಸ ಇರುತ್ತದೆ, ಅದು ಬಹಳ ಜನಕ್ಕೆ ಗೊತ್ತಿಲ್ಲ. ಅರಿವೆಯಲ್ಲಿ ಉಳಿದದ್ದನ್ನು ಝಾಡಿಸಿ ಒಗೆಯುವಂತಿಲ್ಲ. ಕಣ್ಣಿಗೆ ಏನೂ ಕಾಣದಿದ್ದರೂ ಅಲ್ಲಿ ಜೀವಗಳಿವೆ, ಅವು ಯಾವ ಬಾವಿಯಿಂದ ಬಂದವೋ ಅದೇ ಬಾವಿಗೆ ಹೋಗಬೇಕು. ಅರಿವೆಯನ್ನು ತಿರುವಿ ಹಾಕಿ, ಸೋಸಿದ ನೀರನ್ನೇ ಅದರ ಮೇಲೆ ಬಿಟ್ಟು, ಕೆಳಗೆ ಒಂದು ಗಿಂಡಿಯಲ್ಲಿ ಹಿಡಿಯುತ್ತಿದ್ದೆವು. ಆ ನೀರಿಗೆ ಜೀವಾಣಿ ಎಂದು ಹೆಸರು. ಗಿಂಡಿಯ ಕೊರಳಿಗೆ ಒಂದು ಹಗ್ಗ, ತಳದ ಕೊಂಡಿಗೆ ಇನ್ನೊಂದು. ಬಾವಿಯೊಳಗೆ ಮೆಲ್ಲಗೆ ಇಳಿಸಿ, ನೀರು ಮುಟ್ಟಿತು ಎಂದು ಕೈಗೆ ತಿಳಿದ ಮೇಲೆ ತಳದ ಹಗ್ಗ ಎಳೆದರೆ ಗಿಂಡಿ ಅಲ್ಲೇ ಮಗುಚುತ್ತಿತ್ತು. ಮೇಲಿನಿಂದ ಸುರಿದರೆ ಅವಕ್ಕೆ ಪೆಟ್ಟಾಗುತ್ತದೆ ಎಂದು ನಮ್ಮ ಆಯಿ ಹೇಳುತ್ತಿದ್ದಳು. ಆಯಿ ಎಂದರೆ ಅಪ್ಪನ ತಾಯಿ. ಅವಳ ಮೊಣಕಾಲು ಹಿಡಿದುಕೊಂಡ ಮೇಲೆ ಈ ಕೆಲಸ ನನಗೆ ಬಂತು.

ಬಾವಿಗೆ ಬಗ್ಗಿ ಹಗ್ಗ ಬಿಡುವಾಗೆಲ್ಲ ನನಗೆ ಒಂದೇ ವಿಚಾರ. ಅವು ಹೇಗಿರುತ್ತವೆ? ಇರುವೆಯ ಹಾಗೋ, ಮೀನಿನ ಹಾಗೋ? ಆಯಿಗೆ ಕೇಳಿದರೆ, ಕಾಣದಷ್ಟು ಸಣ್ಣವು ಎನ್ನುತ್ತಿದ್ದಳು. ಕಾಣದಿದ್ದರೆ ಇವೆ ಎಂದು ಹೇಗೆ ಗೊತ್ತು ಎಂದರೆ, ಹೇಳಿದವರಿಗೆ ಗೊತ್ತಿತ್ತು ಎನ್ನುತ್ತಿದ್ದಳು. ಅಷ್ಟಕ್ಕೆ ಅವಳಿಗೆ ಸಾಕಾಗಿತ್ತು, ನನಗೆ ಸಾಕಾಗುತ್ತಿರಲಿಲ್ಲ. ಆದರೆ ಕೇಳಲು ಬೇರೆ ಯಾರೂ ಇರಲಿಲ್ಲ. ಸಾಲಿಯ ಓದು ನನಗೆ ಸರಿಯಾಗಿ ಸಿಕ್ಕಿದ್ದೇ ತಡವಾಗಿ. ಅಥಣಿಯಿಂದ ಕಾಗವಾಡದ ದಾರಿಯಲ್ಲಿ, ಊರಿಂದ ಹೊರಗೆ ತೋಟದಲ್ಲಿ ನಮ್ಮ ಮನೆ. ನಾಲ್ಕನೆಯ ಇಯತ್ತೆ ಮುಗಿದಾಗ ಅಪ್ಪ ಮತ್ತು ಕಾಕಾ ಬೇರೆಯಾದರು. ದ್ರಾಕ್ಷಿ ತೋಟ ನಮ್ಮ ಪಾಲಿಗೆ ಬಂತು, ಮಾಡುವ ಕೈಗಳು ಕಾಕಾನ ಪಾಲಿಗೆ ಹೋದವು. ಕರೆಂಟು ಬಂದಾಗ ಪಂಪು ಹಾಕಿ ಬಳ್ಳಿಯ ಸಾಲುಗಳಿಗೆ ನೀರು ತಿರುಗಿಸಲು ಒಬ್ಬ ಬೇಕು, ಆ ಒಬ್ಬ ನಾನಾದೆ. ಮೀಸೆ ಮೂಡುವ ಹೊತ್ತಿಗೆ ಅವ್ವ ಹಟ ಹಿಡಿದಳು, ಇವನನ್ನು ಮತ್ತೆ ಸಾಲಿಗೆ ಹಾಕದಿದ್ದರೆ ತವರಿಗೆ ಹೋಗುತ್ತೇನೆ ಎಂದಳು. ಏಳನೆಯ ಪರೀಕ್ಷೆಗೆ ಹೊರಗಿನಿಂದ ಕೂರಿಸಿದರು. ಹೈಸ್ಕೂಲಿನಲ್ಲಿ ಹುಡುಗರು ನನ್ನನ್ನು ಕಾಕಾ ಎಂದೇ ಕರೆಯುತ್ತಿದ್ದರು. ಒಮ್ಮೆ ಹೊಸ ಮಾಸ್ತರರು ಬಂದು, ಹಿಂದಿನ ಬೆಂಚಿನಲ್ಲಿದ್ದ ನನ್ನನ್ನು ಯಾರದೋ ಪಾಲಕ ಎಂದು ತಿಳಿದು ಹೊರಗೆ ಕುರ್ಚಿಯ ಮೇಲೆ ಕೂರಲು ಹೇಳಿದರು. ನಾನು ಎದ್ದು ಹೋಗಿ ಕೂತೂ ಬಿಟ್ಟೆ. ಬೇರೆಯವರಿಗೆ ಸಾಲಿ ಎಂದರೆ ಹೋಗಲೇಬೇಕಾದ ಜಾಗ, ನನಗೆ ಮತ್ತೆ ಒಳಗೆ ಬಿಟ್ಟಿದ್ದಾರಲ್ಲ ಎಂಬ ಜಾಗ. ಅದಕ್ಕೇ ಇರಬೇಕು, ಹತ್ತನೆಯದು ಪಾಸಾದಾಗ ಮುಂದೆ ಏನು ಓದುವುದು ಎಂಬ ಪ್ರಶ್ನೆ ನಮ್ಮ ಮನೆಯಲ್ಲಿ ಅಷ್ಟು ದೊಡ್ಡದಾಯಿತು. ಎರಡನೆಯ ಸಲ ಸಿಕ್ಕಿದ್ದನ್ನು ಕೆಡಿಸಿಕೊಂಡರೆ ಮೂರನೆಯದು ಇರುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಹತ್ತನೆಯ ವರ್ಷವೇ ಅಥಣಿಯ ಕಾಲೇಜಿನಲ್ಲಿ ವಿಜ್ಞಾನದ ಪ್ರದರ್ಶನ ಇತ್ತು, ನಮ್ಮನ್ನು ಕರೆದುಕೊಂಡು ಹೋಗಿದ್ದರು. ಒಂದು ಟೇಬಲ್ಲಿನ ಮೇಲೆ ಸೂಕ್ಷ್ಮದರ್ಶಕ ಇಟ್ಟು, ಕೆರೆಯ ನೀರಿನ ಒಂದು ಹನಿ ತೋರಿಸುತ್ತಿದ್ದರು. ಉದ್ದ ಸಾಲು. ನನ್ನ ಪಾಳಿ ಬಂದಾಗ ಮೊದಲು ನನ್ನ ಕಣ್ಣಿನ ರೆಪ್ಪೆಯೇ ಕಂಡಿತು. ಆಮೇಲೆ ಬೆಳಕು. ಆ ಬೆಳಕಿನಲ್ಲಿ ಚಪ್ಪಲಿಯ ಆಕಾರದ್ದೊಂದು ತಿರುಗುತ್ತ ಬಂದು, ಏನಕ್ಕೋ ಡಿಕ್ಕಿ ಹೊಡೆದು, ಹಿಂದೆ ಸರಿದು, ಬೇರೆ ದಾರಿ ಹಿಡಿದು ಹೋಯಿತು. ಹಿಂದಿನವರು ನೂಕುತ್ತಿದ್ದರು, ನಾನು ಟೇಬಲ್ಲು ಬಿಡಲಿಲ್ಲ. ಅದು ಹೋದ ದಾರಿಯಲ್ಲೇ ಗಂಟೆಯ ಆಕಾರದ್ದೊಂದು ದಾರದ ಮೇಲೆ ಕೂತಿತ್ತು, ಬೇರೊಂದು ಬಂದು ಮುಟ್ಟಿದ ಕೂಡಲೇ ಸುರುಳಿ ಸುತ್ತಿಕೊಂಡಿತು. ಸಾಲಿನ ಕೊನೆಗೆ ಮತ್ತೆ ಹೋಗಿ ನಿಂತೆ, ಮತ್ತೆ ನೋಡಿದೆ. ಬಸ್ಸು ತಪ್ಪಿತು. ಮನೆ ಮುಟ್ಟುವಾಗ ಹೊತ್ತು ಮುಳುಗಿತ್ತು, ಊಟ ಇಲ್ಲ. ಖಾಲಿ ಹೊಟ್ಟೆಯಲ್ಲೇ ಆಯಿಯ ಹಾಸಿಗೆಯ ತುದಿಗೆ ಕೂತು ಹೇಳಿದೆ. ಅವಳು ಎದ್ದು ಗೋಡೆಗೆ ಒರಗಿದಳು.

"ಕಾಲ ಇದ್ವೇನು?"

"ಇಲ್ಲ ಆಯಿ. ಮೈತುಂಬ ಸಣ್ಣ ಕೂದಲ ಇದ್ದಂಗ ಇದ್ವು. ಅವನ್ನ ಆಡಿಸಿ ಈಸ್ತಾವ."

"ಬಾಯಿ?"

"ಒಂದಕ್ಕ ಬಾಜೂಕ ಐತಿ."

"ಅವಕ್ಕ ಅಂಜಿಕಿ ಇತ್ತೇನೋ?"

ಈ ಪ್ರಶ್ನೆಯನ್ನು ಕಾಲೇಜಿನಲ್ಲಿ ಯಾರೂ ಕೇಳಿರಲಿಲ್ಲ. ಗಂಟೆಯಂಥದ್ದು ಸುರುಳಿ ಸುತ್ತಿಕೊಂಡದ್ದನ್ನು ಹೇಳಿದೆ. ಹಂಗಾದರೆ ಇತ್ತು ಎಂದಳು ಆಯಿ. ಮರುದಿನದಿಂದ ಮನೆಗೆ ಬಂದವರಿಗೆಲ್ಲ ಅವಳೇ ನೋಡಿ ಬಂದವಳಂತೆ ಹೇಳತೊಡಗಿದಳು.

ನಿಪ್ಪಾಣಿಯಲ್ಲಿ ನನ್ನ ಸೋದರಮಾವನದು ತಂಬಾಕಿನ ವಖಾರಿ ಇತ್ತು. ನಾನು ಕಾಮರ್ಸ್ ಓದಿ ಅಲ್ಲಿ ಗಾದಿಯ ಮೇಲೆ ಕೂರಬೇಕು ಎಂಬುದು ಅಪ್ಪನ ವಿಚಾರ. ವಯಸ್ಸಾದ ಹುಡುಗ, ಬೇಗ ಕೆಲಸಕ್ಕೆ ಹತ್ತಬೇಕು, ಸೈನ್ಸು ಓದುವುದು ಹಾಲು ಕುಡಿಯುವ ಮಕ್ಕಳ ಕೆಲಸ ಎಂದ. ಅವ್ವ ಮಾಸ್ತರಕಿ ಕೋರ್ಸು ಎಂದಳು. ನಮ್ಮ ಮನೆಯ ಜಗಳಗಳಿಗೆಲ್ಲ ಒಂದು ಗಡುವು ಇತ್ತು. ಸಂಜೆಯ ಊಟಕ್ಕೆ ಎಲ್ಲರೂ ಒಟ್ಟಿಗೆ ಕೂರುತ್ತಿದ್ದೆವು, ಜಗಳ ತೆಗೆಯುವುದೂ ಆಗಲೇ, ಆದರೆ ಹೊತ್ತು ಮುಳುಗುವುದರೊಳಗೆ ತಾಟು ಖಾಲಿಯಾಗಬೇಕು. ಅದಕ್ಕೆ ಯಾರೂ ಸುತ್ತಿ ಬಳಸಿ ಮಾತಾಡುತ್ತಿರಲಿಲ್ಲ. ಅಪ್ಪ ರೊಟ್ಟಿ ಮುರಿಯುತ್ತ ನಿಪ್ಪಾಣಿ ಎಂದರೆ, ಅವ್ವ ಪಲ್ಯ ಬಡಿಸುತ್ತ ಮಾಸ್ತರಕಿ ಎನ್ನುತ್ತಿದ್ದಳು. ಸೈನ್ಸು ಎಂದು ನಾನು ಬಾಯಿ ಬಿಟ್ಟು ಹೇಳಿರಲಿಲ್ಲ, ಹೇಳುವ ಧೈರ್ಯ ಇರಲಿಲ್ಲ. ಒಂದು ದಿನ ಆಯಿ ಹೇಳಿಬಿಟ್ಟಳು.

"ಅಂವ ಆ ಜೀವ ನೋಡೂ ಕಾಲೇಜಿಗೆ ಹೋಗ್ಲಿ. ನಮ್ಮ ಮನ್ಯಾಗ ಇಷ್ಟ ಮಂದಿ ಅವನ್ನ ಬಾವಿಗೆ ಬಿಟ್ಟಾರ, ಒಬ್ಬರರ ಅವುಗಳ ಮಾರಿ ನೋಡ್ಯಾರೇನು?"

ಅಪ್ಪ ತಾಟಿನಲ್ಲೇ ಕೈ ತೊಳೆದು ಎದ್ದ. ತಾಯಿಯ ಮಾತಿಗೆ ಎದುರಾಡುವ ರೂಢಿ ಅವನಿಗೆ ಇರಲಿಲ್ಲ. ಹೀಗೆ ನನಗೆ ಸೈನ್ಸು ಸಿಕ್ಕಿತು.

ಕಾಲೇಜು ಸುರುವಾಗುವ ಮುಂಚೆ ನಮ್ಮೂರ ಬಸದಿಗೆ ಮುನಿ ಮಹಾರಾಜರೊಬ್ಬರು ವಿಹಾರ ಮಾಡುತ್ತ ಬಂದರು. ಆಶೀರ್ವಾದಕ್ಕೆ ಹೋದವರನ್ನು ಅವರು ಬರಿಗೈಲೆ ಕಳಿಸುತ್ತಿರಲಿಲ್ಲ. ನವಿಲುಗರಿಯ ಪಿಂಛಿಯನ್ನು ತಲೆಯ ಮೇಲೆ ಎತ್ತುವ ಮುಂಚೆ, ಏನು ಬಿಡುತ್ತೀ ಎಂದು ಕೇಳುತ್ತಿದ್ದರು. ಏನಾದರೂ ಬಿಡುತ್ತೇನೆ ಎಂದು ನೇಮ ತೆಗೆದುಕೊಂಡ ಮೇಲೆಯೇ ಆಶೀರ್ವಾದ. ನಮ್ಮ ಮುಂದೆ ಇದ್ದವರು ಬಟಾಟೆ ಬಿಟ್ಟರು, ಸಿನಿಮಾ ಬಿಟ್ಟರು. ಅವ್ವ ನನ್ನ ಓದಿಗಾಗಿ ಒಂದು ವರ್ಷ ಚಹಾ ಬಿಟ್ಟಳು, ಆ ವರ್ಷವೆಲ್ಲ ಅವಳ ತಲೆನೋವು ನಾವೆಲ್ಲ ಅನುಭವಿಸಿದೆವು. ನನ್ನ ಪಾಳಿ ಹತ್ತಿರ ಬಂದ ಹಾಗೆ ಮನಸ್ಸಿನಲ್ಲೇ ಹುಡುಕತೊಡಗಿದೆ. ಚಹಾ ಬಿಡಲು ಮನಸ್ಸಿರಲಿಲ್ಲ, ಶೇಂಗಾ ಬಿಡಲು ಸಾಧ್ಯವೇ ಇರಲಿಲ್ಲ. ಕೇಳಿದರೆ ದೊಡ್ಡದು ಅನಿಸಬೇಕು, ನನಗೆ ಭಾರ ಆಗಬಾರದು, ಅಂಥದ್ದೊಂದು ಬೇಕಿತ್ತು. ಸೊಳ್ಳೆ ಹೊಡೆಯುವಾಗಲೂ ಬಯ್ಯಿಸಿಕೊಳ್ಳುವ ಮನೆ ನಮ್ಮದು. ಥಟ್ಟನೆ ಹೊಳೆಯಿತು. ಆಯುಷ್ಯ ಇರುವ ತನಕ ನನ್ನ ಕೈಯಿಂದ ಯಾವ ಪ್ರಾಣಿಯನ್ನೂ ಕೊಯ್ಯುವುದಿಲ್ಲ ಎಂದೆ. ಹಿಂದೆ ನಿಂತಿದ್ದ ಹೆಂಗಸರು ಮೆಚ್ಚಿ ತಲೆ ಅಲ್ಲಾಡಿಸಿದರು. ಮಹಾರಾಜರು ನನ್ನನ್ನು ಒಂದು ಕ್ಷಣ ನೋಡಿ, ಪೂರಾ ಆಯುಷ್ಯಕ್ಕೋ ಎಂದು ಮತ್ತೊಮ್ಮೆ ಕೇಳಿದರು. ಪೂರಾ ಎಂದೆ. ಬಟಾಟೆ ಬಿಟ್ಟವರಿಗಿಂತ ನಾನು ಅಗ್ಗದಲ್ಲಿ ಪಾರಾದೆ ಎಂದುಕೊಂಡು ಮನೆಗೆ ಬಂದೆ. ಸೈನ್ಸು ಎಂದರೆ ನೋಡುವುದು ಎಂದಷ್ಟೇ ನನಗೆ ಗೊತ್ತಿತ್ತು. ಮನೆಯಲ್ಲಿ ನನಗಿಂತ ಹೆಚ್ಚು ಓದಿದವರು ಯಾರೂ ಇರಲಿಲ್ಲ, ಹಾಗಲ್ಲ ಎಂದು ಹೇಳುವವರು ಯಾರು?

ಮೊದಲ ವರ್ಷ ಇಂಗ್ಲಿಷಿನಲ್ಲಿ ಮುಳುಗಿ ಎದ್ದು ಹೋಯಿತು. ಪಾಠ ತಿಳಿಯದಿದ್ದರೂ ಪ್ರಾಕ್ಟಿಕಲ್ಲಿನ ದಿನ ನಾನು ರಾಜ. ಬ್ಲೇಡಿನಿಂದ ಕಾಂಡವನ್ನು ತೆಳ್ಳಗೆ ಹೆರೆದು, ಬಣ್ಣ ಹಚ್ಚಿ, ಗಾಜಿನ ಮೇಲಿಟ್ಟು ನೋಡುವುದರಲ್ಲಿ ನನ್ನ ಕೈ ಬಹಳ ಹಗುರ. ದ್ರಾಕ್ಷಿ ಬಳ್ಳಿಯ ಕಡ್ಡಿ ಕತ್ತರಿಸಿ ಚಾಟಣಿ ಮಾಡಿದ ಕೈ ಅದು. ಸಂಜೆ ಬಸ್ಸು ತಡವಾಗುತ್ತದೆ ಎಂದು ಅವ್ವ ಎರಡು ಹೊತ್ತಿನ ರೊಟ್ಟಿ ಕಟ್ಟಿ ಕೊಡುತ್ತಿದ್ದಳು. ಹೊತ್ತು ಇಳಿಯುವಾಗ ಬಸ್ಸಿನ ಕಿಟಕಿಯಿಂದ ಸೂರ್ಯನನ್ನು ನೋಡುತ್ತ, ನಿಂತಲ್ಲೇ ತಿಂದು ಮುಗಿಸುತ್ತಿದ್ದೆ. ಆ ವರ್ಷವೇ ಅಪ್ಪನಲ್ಲಿ ಒಂದು ಬದಲಾವಣೆ ಆಯಿತು. ಯಾರೋ ಅವನಿಗೆ, ನಿನ್ನ ಮಗ ತೆಗೆದುಕೊಂಡದ್ದು ಡಾಕ್ಟರ ಆಗುವವರ ಸೈನ್ಸು ಎಂದು ಹೇಳಿದ್ದರು. ನಿಪ್ಪಾಣಿಯ ಹೆಸರು ಮನೆಯಲ್ಲಿ ನಿಂತುಹೋಯಿತು. ಮುಂದಿನ ಪಡಸಾಲೆಯಲ್ಲಿ ನಿಂತು, ಇಲ್ಲಿ ಒಂದು ಗೋಡೆ ಹಾಕಿದರೆ ದವಾಖಾನೆ ಆಗುತ್ತದೆ, ಹೊರಗಿನ ಕಟ್ಟೆಯ ಮೇಲೆ ಪೇಶಂಟರು ಕೂರುತ್ತಾರೆ ಎಂದು ಅವ್ವನಿಗೆ ತೋರಿಸುತ್ತಿದ್ದ. ತೋಟಕ್ಕೆ ಬಂದ ವ್ಯಾಪಾರಿಗಳಿಗೆ, ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರಿಗೆ ಹೇಳಿದ. ನನ್ನನ್ನು ಸಾಲಿಯಿಂದ ಬಿಡಿಸಿದವನೂ ಅವನೇ ಆದ್ದರಿಂದ, ಈ ಡಾಕ್ಟರಕಿ ಅವನಿಗೆ ನನಗಿಂತ ಹೆಚ್ಚು ಬೇಕಾಗಿತ್ತು ಎಂದು ಈಗ ಅನಿಸುತ್ತದೆ. ಆಗ ನನಗೂ ಅದು ಖುಷಿಯೇ ಆಗಿತ್ತು. ಡಾಕ್ಟರರ ಟೇಬಲ್ಲಿನ ಮೇಲೂ ಸೂಕ್ಷ್ಮದರ್ಶಕ ಇರುತ್ತದೆ ಎಂದು ನಾನು ಕೇಳಿದ್ದೆ.

ಎರಡನೆಯ ವರ್ಷ ದೀಪಾವಳಿ ಮುಗಿದ ಮೇಲೆ ಪ್ರಾಣಿಶಾಸ್ತ್ರದ ಸರ್ ಮುಂದಿನ ತಿಂಗಳಿಂದ ಕಪ್ಪೆ ಕೊಯ್ಯುವುದು ಸುರು ಎಂದರು. ನಾನು ತಮಾಷೆ ಎಂದುಕೊಂಡೆ. ಪಕ್ಕದಲ್ಲಿ ಕೂರುತ್ತಿದ್ದ ಶಿವ್ಯಾ, ಅಥಣಿಯ ಮಾಸ್ತರರೊಬ್ಬರ ಮಗ, ಪುಸ್ತಕದ ಚಿತ್ರ ತೋರಿಸಿದ. ಮೇಣದ ತಟ್ಟೆಯ ಮೇಲೆ ಅಂಗಾತ ಮಲಗಿದ ಕಪ್ಪೆ, ಕೈಕಾಲಿಗೆ ಗುಂಡುಪಿನ್ನು. ಆ ಪುಟ ಅಲ್ಲಿತನಕ ನಾನು ತೆರೆದೇ ಇರಲಿಲ್ಲ. ಕ್ಲಾಸು ಬಿಟ್ಟ ಮೇಲೆ ಸರ್ ಹತ್ತಿರ ಹೋಗಿ ನೇಮದ ವಿಷಯ ಹೇಳಿದೆ. ಧಾರವಾಡದ ಕಡೆಯವರು, ಮೆತ್ತಗಿನ ಮನುಷ್ಯ. ನಗಲಿಲ್ಲ.

"ಪರೀಕ್ಷಾದಾಗ ಅದೊಂದ ಪ್ರಶ್ನೆ ಬಿಟ್ರ ನೀ ಪಾಸ ಆಗ್ತಿ. ಆದ್ರ ಡಾಕ್ಟರಕಿ ಸೀಟಿನ ಆಸೆ ಬಿಡಬೇಕಾಗ್ತದ. ಅಲ್ಲಿ ಹೋದ್ರೂ ಏನ ಮಾಡ್ತಿ ಹೇಳು, ಅಲ್ಲಿ ಮನಷ್ಯಾರನ್ನ ಕೊಯ್ಯಬೇಕು."

ಅಂದು ಸಂಜೆಯ ಊಟ ನನಗೆ ಇವತ್ತಿಗೂ ನೆನಪಿದೆ. ಬದನೆಕಾಯಿ ಪಲ್ಯ, ಜೋಳದ ರೊಟ್ಟಿ, ಮೊಸರು. ಅಪ್ಪ ತೋಟದಿಂದ ಅಂದು ಬೇಗ ಬಂದಿದ್ದ. ಹೇಳಿದೆ. ಮೊದಲಿಗೆ ಯಾರಿಗೂ ತಿಳಿಯಲಿಲ್ಲ, ಕಪ್ಪೆಯನ್ನು ಯಾಕೆ ಕೊಯ್ಯುತ್ತಾರೆ, ಅದಕ್ಕೆ ಏನಾಗಿತ್ತು ಎಂದು ಅವ್ವ ಕೇಳಿದಳು. ಏನೂ ಆಗಿರುವುದಿಲ್ಲ, ಒಳಗೆ ಏನಿದೆ ನೋಡಲು ಕೊಯ್ಯುತ್ತಾರೆ ಎಂದೆ. ಆಯಿಯ ಕೈ ಬಾಯಿಗೆ ಹೋಗುವುದು ಅರ್ಧಕ್ಕೆ ನಿಂತಿತು.

"ಅದನ್ನ ನೋಡಾಕ ಹೋಗಿದ್ದಿ ನೀ. ಕೊಯ್ಯಾಕಲ್ಲ."

"ಡಾಕ್ಟರ ಆಗಾಂವ ಕೊಯ್ಯದ ಹೆಂಗ ಆಗ್ತಾನಬೇ?" ಎಂದ ಅಪ್ಪ. ತಾಯಿಗೆ ಅವನು ಎದುರಾಡಿದ್ದು ಅದೇ ಮೊದಲು ನೋಡಿದೆ. "ಅಥಣಿಯಿಂದ ಬಂದ ನಿನ್ನ ಮೊಣಕಾಲಿಗೆ ಸೂಜಿ ಮಾಡೂ ಡಾಕ್ಟರ ಕಪ್ಪಿ ಕೊಯ್ದಿಲ್ಲೇನು? ನಾಳೆ ಬರಬ್ಯಾಡ ಅಂತ ಹೇಳಲೇನು ಅವಗ?"

"ಅಂವ ನೇಮ ತೊಗೊಂಡಿರಲಿಲ್ಲ. ಇಂವ ತೊಗೊಂಡಾನ."

"ತಿಳೀಲಾರದ ತೊಗೊಂಡಾನ."

"ನಾ ತೊಗೊ ಅಂದಿಲ್ಲ, ನೀ ತೊಗೊ ಅಂದಿಲ್ಲ. ಚಹಾ ಬಿಡಂದ್ರ ಕೇಳಲಿಲ್ಲ."

ಅಪ್ಪ ಆಗ ದ್ರಾಕ್ಷಿಗೆ ಔಷಧ ಹೊಡೆಯುವ ಮಾತು ತೆಗೆದ. ಅದರಿಂದ ಸಾಯುವ ಹುಳಗಳಿಗೆ ಲೆಕ್ಕ ಇಲ್ಲ, ಆ ತೋಟದ ಅನ್ನವನ್ನೇ ನಾವೆಲ್ಲ ಉಣ್ಣುತ್ತಿದ್ದೇವೆ, ಕಪ್ಪೆ ಒಂದಕ್ಕೆ ಇಷ್ಟು ಮಾತೇ ಎಂದ. ಇದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ, ಯಾರೂ ಆಡದ ಮಾತು. ಔಷಧ ಹೊಡೆಯುವ ದಿನ ಆಯಿ ತೋಟದ ಕಡೆ ಹೊರಳಿಯೂ ನೋಡುತ್ತಿರಲಿಲ್ಲ, ಸಾಮಾಯಿಕದ ಧ್ಯಾನಕ್ಕೆ ಕೂತು ಕಣ್ಣು ಮುಚ್ಚುತ್ತಿದ್ದಳು. ಅವಳು ತಾಟಿನಲ್ಲಿದ್ದದ್ದನ್ನು ಮುಗಿಸಿ, ಬಾಯಿ ಮುಕ್ಕಳಿಸಿ, ಇನ್ನು ಬೆಳಗಿನ ತನಕ ಕುಡಿಯುವುದಿಲ್ಲ ಎಂದು ಅಂದಿನ ನೀರು ಬಿಟ್ಟಳು. ನನಗೆ ಇಬ್ಬರ ಮಾತೂ ಖರೆ ಅನಿಸಿತು. ಎರಡು ಖರೆ ಒಂದೇ ಮನೆಯಲ್ಲಿ ಹೇಗೆ ಇರುತ್ತವೆ ಎಂದು ಆ ದಿನಗಳಲ್ಲಿ ಬಹಳ ವಿಚಾರ ಮಾಡಿದ್ದೇನೆ, ತೋಟದಲ್ಲಿ, ಬಸ್ಸಿನಲ್ಲಿ, ಪ್ರಯೋಗಶಾಲೆಯಲ್ಲಿ.

ನೇಮ ಕೊಟ್ಟವರಿಂದಲೇ ಬಿಡಿಸಿಕೊಂಡು ಬರೋಣ ಎಂದು ಅಪ್ಪ ತೀರ್ಮಾನಿಸಿದ. ಮಹಾರಾಜರು ಎಲ್ಲಿದ್ದಾರೆ ಎಂದು ವಿಚಾರಿಸಿದರೆ, ರಾಯಬಾಗದ ಕಡೆಯ ಒಂದು ಊರಿನಲ್ಲಿ ಚಾತುರ್ಮಾಸ ಮುಗಿಸಿ ಇನ್ನೂ ಅಲ್ಲೇ ಇದ್ದಾರೆ ಎಂದರು. ಕುಡಚಿಯ ಮೇಲಿಂದ ಬಸ್ಸು ಬದಲಿಸಿ ಹೋದೆವು. ಕೃಷ್ಣೆ ದಾಟುವಾಗ ಅಪ್ಪ ಕಿಟಕಿಯಿಂದ ಕೈ ಮುಗಿದ. ದಾರಿಯಲ್ಲೆಲ್ಲ ಮಹಾರಾಜರ ಮುಂದೆ ಹೇಗೆ ಮಾತಾಡಬೇಕು ಎಂದು ನನಗೆ ಕಲಿಸುತ್ತಿದ್ದ. ಬಸದಿಯ ಪಕ್ಕದ ಕೋಣೆಯಲ್ಲಿ ಅವರು ಮರದ ಹಲಗೆಯ ಮೇಲೆ ಕೂತಿದ್ದರು. ನನ್ನ ಗುರುತು ಸಿಗಲಿಲ್ಲ. ಅಪ್ಪ ಎಲ್ಲ ಹೇಳಿದ, ಊರಿಗೆ ಡಾಕ್ಟರ ಇಲ್ಲ, ಕಾಯಿಲೆಯವರನ್ನು ಮಿರಜಕ್ಕೆ ಒಯ್ಯಬೇಕು, ಇವನು ಆದರೆ ಎಷ್ಟು ಜೀವ ಉಳಿಯುತ್ತವೆ ಎಂದೂ ಹೇಳಿದ. ಅವನು ಅಷ್ಟು ಚೆನ್ನಾಗಿ ಮಾತಾಡಿದ್ದು ನಾನು ಮೊದಲು ಕೇಳಿರಲಿಲ್ಲ. ಮಹಾರಾಜರು ಪೂರ್ತಿ ಕೇಳಿಸಿಕೊಂಡು ನನ್ನ ಕಡೆ ತಿರುಗಿದರು.

"ಕಪ್ಪಿ ಒಳಗ ಏನ ಐತಿ ಅಂತ ನೋಡೂ ಆಸೆ ಐತೇನು ನಿನಗ?"

ಅಪ್ಪ ಕಲಿಸಿದ್ದರಲ್ಲಿ ಈ ಪ್ರಶ್ನೆ ಇರಲಿಲ್ಲ. "ಐತ್ರಿ ಮಹಾರಾಜ್ರ," ಎಂದೆ.

"ಕೊಯ್ಯೂ ಆಸೆ?"

"ಅದು ಗೊತ್ತಿಲ್ರಿ."

ಅವರು ಪಿಂಛಿಯನ್ನು ಮೊಣಕಾಲ ಮೇಲೆ ಇಟ್ಟುಕೊಂಡರು. ಏನು ಬಿಡುತ್ತಿದ್ದೇನೆ ಎಂದು ತಿಳಿಯದೆ ಬಿಟ್ಟದ್ದು ಬಿಟ್ಟಂತಲ್ಲ ಎಂದರು. ಒಂದು ಉಪವಾಸ ಮಾಡು, ಆ ನೇಮ ಅಲ್ಲಿಗೆ ಮುಗಿಯಿತು ಎಂದರು. ಅಪ್ಪ ನೆಲಕ್ಕೆ ಹಣೆ ಹಚ್ಚಿದ. ನಾವು ಏಳುವಾಗ ಅವರು ಮತ್ತೆ ನನಗೆ ಹೇಳಿದರು.

"ಕೊಯ್ಯಿ ಅಂತ ನಾ ಹೇಳಿಲ್ಲ, ಅದು ನನ್ನ ಬಾಯಿಂದ ಬರೂ ಮಾತಲ್ಲ. ಇನ್ನ ಮ್ಯಾಲೆ ಕೊಯ್ದ್ರೂ ನೀನ, ಬಿಟ್ರೂ ನೀನ. ನನ್ನ ಹೆಸರ ಹೇಳಬ್ಯಾಡ."

ವಾಪಸು ಬರುವಾಗ ಅಪ್ಪ ಕುಡಚಿಯ ಸ್ಟ್ಯಾಂಡಿನಲ್ಲಿ ಕಬ್ಬಿನ ಹಾಲು ಕುಡಿಸಿದ, ಎರಡನೆಯ ಗ್ಲಾಸೂ ಕುಡಿ ಎಂದ. ಉಪವಾಸ ಮಾಡಿದೆ. ಮರುದಿನ ಬೆಳಿಗ್ಗೆ ಗಿಂಡಿ ತೆಗೆದುಕೊಳ್ಳಲು ನೀರಿನ ಕೋಣೆಗೆ ಹೋದರೆ ಆಯಿ ಆಗಲೇ ಅಲ್ಲಿದ್ದಳು. ಗೋಡೆ ಹಿಡಿದುಕೊಂಡು, ಗಿಂಡಿಯನ್ನು ಎದೆಗೆ ಒತ್ತಿಕೊಂಡು ಬಾವಿಯ ಕಡೆ ಹೊರಟಿದ್ದಳು. ಕೊಡು ಆಯಿ ಎಂದೆ. ನಿನ್ನ ಕೈಗೆ ಇನ್ನು ಬೇರೆ ಕೆಲಸ ಇದೆಯಲ್ಲಪ್ಪ ಎಂದಳು. ಸಿಟ್ಟು ಇರಲಿಲ್ಲ ದನಿಯಲ್ಲಿ. ಅಪ್ಪನ ಮೇಲೆ ಹರಿಹಾಯಬಹುದಿತ್ತು, ಮಹಾರಾಜರ ಮೇಲೆ ಗುಣುಗಬಹುದಿತ್ತು, ಮಾಡಲಿಲ್ಲ. ಆ ಕೆಲಸವನ್ನು ನನ್ನಿಂದ ತೆಗೆದುಕೊಂಡಳು, ಅಷ್ಟೇ. ಮೊಣಕಾಲು ನೋವಿನಲ್ಲಿ ಅವಳು ಬಾವಿಕಟ್ಟೆಗೆ ಬಗ್ಗುವುದನ್ನು ನಾನು ಹಿತ್ತಲ ಬಾಗಿಲಲ್ಲಿ ನಿಂತು ನೋಡಿದೆ.

ಪ್ರಾಕ್ಟಿಕಲ್ಲಿನ ದಿನ ಪ್ರಯೋಗಶಾಲೆಯ ತುಂಬ ಔಷಧದ ಘಾಟು. ಇಬ್ಬರಿಗೆ ಒಂದು ಟೇಬಲ್ಲು, ಒಬ್ಬೊಬ್ಬರಿಗೆ ಒಂದು ಕಪ್ಪೆ. ಅದಕ್ಕೆ ಆಗಲೇ ಮತ್ತಿನ ಔಷಧ ಕೊಟ್ಟು ಮುಗಿಸಿದ್ದರು. ಸರ್ ನನ್ನ ಹತ್ತಿರ ಬಂದು, ಏನಾಯಿತು ಎಂದು ಮೆಲ್ಲಗೆ ಕೇಳಿದರು. ಬಿಡಿಸಿಕೊಂಡು ಬಂದೆ ಎಂದೆ. ಹೆಗಲು ತಟ್ಟಿ ಮುಂದೆ ಹೋದರು. ಕಪ್ಪೆಯನ್ನು ಅಂಗಾತ ಮಲಗಿಸಿದೆ, ನಮ್ಮ ಬಾವಿಯ ಕಟ್ಟೆಯಲ್ಲಿ ಮಳೆಗಾಲಕ್ಕೆ ಕೂರುವಂಥದ್ದೇ, ಹಸಿರು ಬೆನ್ನು, ಬೆಳ್ಳಗಿನ ಹೊಟ್ಟೆ. ಚಿಮಟಿಗೆಯಿಂದ ಹೊಟ್ಟೆಯ ಚರ್ಮ ಎತ್ತಿದರೆ ಅದು ಸಡಿಲ ಅಂಗಿಯ ಹಾಗೆ ಮೇಲೆ ಬಂತು. ಇನ್ನೊಂದು ಕೈಯಲ್ಲಿ ಕತ್ತರಿ. ಒಳಗೆ ಏನಿದೆ ನೋಡುವ ಆಸೆ ನನಗೆ ಖರೆಯೇ ಇತ್ತು, ಇಲ್ಲ ಎಂದರೆ ಸುಳ್ಳಾಗುತ್ತದೆ. ಸತ್ತ ಕಪ್ಪೆ, ನಾನು ಕೊಯ್ಯದಿದ್ದರೆ ಎದ್ದು ಹೋಗುವುದಿಲ್ಲ ಎಂದೂ ಗೊತ್ತಿತ್ತು. ಬೇಡ ಎನ್ನಲು ಯಾವ ಕಾರಣ ಇದೆ ಎಂದು ಹುಡುಕಿದೆ. ನೇಮ ಇರಲಿಲ್ಲ. ಆಯಿ ಬೇಡ ಎಂದಿರಲಿಲ್ಲ. ಅಪ್ಪ, ಸರ್, ಎಲ್ಲರೂ ಮುಂದೆ ಹೋಗು ಎನ್ನುವವರೇ. ಕತ್ತರಿ ಹಿಡಿದುಕೊಂಡು ಬಹಳ ಹೊತ್ತು ನಿಂತೆ. ಒಲ್ಲೆ ಅನಿಸಿತು. ಅದರ ಹಿಂದೆ ಯಾರೂ ಇರಲಿಲ್ಲ, ನಾನೊಬ್ಬನೇ ಇದ್ದೆ. ಅಲ್ಲಿತನಕ ನನ್ನ ಬದುಕಿನಲ್ಲಿ ಸಾಲಿ ಬಿಡಿಸಿದವರು, ಹಾಕಿದವರು, ಸೈನ್ಸು ಕೊಡಿಸಿದವರು, ನೇಮ ಬಿಡಿಸಿದವರು ಎಲ್ಲರೂ ಬೇರೆಯವರೇ. ಕತ್ತರಿಯನ್ನು ತಟ್ಟೆಯ ಪಕ್ಕಕ್ಕೆ ಇಟ್ಟೆ.

"ಯಾಕ ಕಾಕಾ, ಕತ್ತರಿ ಇಟ್ಟಿ?" ಎಂದ ಶಿವ್ಯಾ. "ಸರಿ ಆ ಕಡೆ, ನಿಂದೂ ನಾ ಕೊಯ್ತೀನಿ. ನೀ ಚಿತ್ರಾ ತಗದಕೊ."

"ಬ್ಯಾಡ. ನಿಂದ ನೀ ಕೊಯ್ಯಿ, ನಾ ನೋಡ್ತೀನಿ."

ನೋಡಿದೆ. ಶಿವ್ಯಾನ ತಟ್ಟೆಯ ಮೇಲೆ ಬಗ್ಗಿ ಎಲ್ಲ ನೋಡಿದೆ. ಸತ್ತದ್ದು ಎಂದರಲ್ಲ, ಅದರ ಗುಂಡಿಗೆ ಇನ್ನೂ ಆಡುತ್ತಿತ್ತು. ಕೊಯ್ಯುವುದಿಲ್ಲ ಎಂದು, ಕೊಯ್ದದ್ದನ್ನು ನೋಡುವುದು ಎಂಥ ನ್ಯಾಯ ಎಂದು ಯಾರಾದರೂ ಕೇಳಿದರೆ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ. ಮುಂದೆ ಸಸ್ಯಶಾಸ್ತ್ರ ಹಿಡಿದು ಬಿಎಸ್ಸಿ ಮಾಡಿದೆ, ಅಥಣಿಯಲ್ಲಿ ಎಲೆ, ಮಣ್ಣು ಪರೀಕ್ಷೆ ಮಾಡಿಕೊಡುವ ಒಂದು ಕೋಣೆ ಇಟ್ಟುಕೊಂಡೆ, ಅದರಲ್ಲೇ ಸಂಸಾರ ನಡೆಯಿತು. ಅಲ್ಲಿ ಬೆಳೆಯುವ ಬೂಷ್ಟಿಗೂ ಜೀವ ಇದೆ, ಅದನ್ನು ಕೊಲ್ಲುವ ಔಷಧದ ಹೆಸರನ್ನು ನಾನೇ ಹೇಳಿಕೊಡುತ್ತೇನೆ. ಅದಕ್ಕೂ ಉತ್ತರ ಇಲ್ಲ. ಆದರೆ ಆ ದಿನ ಸರ್ ಕೇಳಿದ್ದಕ್ಕೆ ಉತ್ತರ ಇತ್ತು. ಪರೀಕ್ಷೆಯಲ್ಲಿ ಏನು ಮಾಡುತ್ತೀ ಎಂದರು. ಅದೊಂದು ಪ್ರಶ್ನೆ ಬಿಡುತ್ತೇನೆ ಎಂದೆ.

ಮನೆಗೆ ಬಂದಾಗ ಆಯಿ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ನಾನು ಕೊಯ್ಯಲಿಲ್ಲ, ಪಕ್ಕದ ಹುಡುಗ ಅವನದನ್ನು ಕೊಯ್ದ ಎಂದು ಹೇಳಿದೆ. ಅವಳು ಮೊರ ಕೆಳಗಿಡಲಿಲ್ಲ, ಹರಸಲಿಲ್ಲ, ನಿನ್ನಂಥವನಿಲ್ಲ ಎನ್ನಲಿಲ್ಲ. ಕಾಳು ಆರಿಸುತ್ತಲೇ ಕೇಳಿದಳು.

"ಆ ಹುಡುಗನ ಕಪ್ಪಿ ನೋಡಿದಿ?"

"ನೋಡಿದೆ."

"ಒಳಗ ಹೆಂಗಿತ್ತು?"

ಹೇಳಿದೆ. ಗುಂಡಿಗೆ ಆಡುತ್ತಿದ್ದದ್ದನ್ನು ಹೇಳುವಾಗ ಅವಳ ಬೆರಳು ನಿಂತಿತು. ನಮ್ಮದರಂತೆಯೇ ಇರುತ್ತದೋ ಎಂದಳು. ಸಣ್ಣದು, ಆದರೆ ಹಾಗೇ ಎಂದೆ. ನಿಮ್ಮಪ್ಪ ತೋಟದಲ್ಲಿದ್ದಾನೆ, ಹೋಗಿ ಹೇಳು, ಬೇರೆಯವರ ಬಾಯಿಂದ ತಿಳಿಯುವುದು ಬೇಡ ಎಂದಳು.

ಕಾಯಿ ಗಾತ್ರ ಹಿಡಿಯುವ ಕಾಲ ಅದು. ಅಪ್ಪ ಔಷಧದ ಪಂಪನ್ನು ಬೆನ್ನಿನಿಂದ ಇಳಿಸಿ ಸಾಲಿನ ತುದಿಯಲ್ಲಿ ಕೂತಿದ್ದ. ನನ್ನನ್ನು ನೋಡಿ ಮುಖ ಅರಳಿತು.

"ಕೊಯ್ದೇನು?"

"ಇಲ್ರಿ ಅಪ್ಪಾ."

"ಮಹಾರಾಜ್ರು ಬಿಡಿಸ್ಯಾರಲ್ಲೋ."

"ಬಿಡಿಸ್ಯಾರ. ನಂಗ ಒಲ್ಲೆ ಅನಿಸ್ತು."

ಅವನು ತಲೆಗೆ ಸುತ್ತಿದ ಟವೆಲ್ಲು ಬಿಚ್ಚಿ ಮುಖ ಒರೆಸಿಕೊಂಡ. ಬಯ್ಯುತ್ತಾನೆ ಎಂದು ನಿಂತಿದ್ದೆ. ಬಯ್ದಿದ್ದರೆ ಹಗುರ ಆಗುತ್ತಿತ್ತು. ಪಡಸಾಲೆಯ ಗೋಡೆ, ಕಟ್ಟೆಯ ಮೇಲಿನ ಪೇಶಂಟರು, ಎಲ್ಲ ಅವನ ಕಣ್ಣಿನ ಮುಂದೆ ಹಾದು ಹೋಗುತ್ತಿರಬೇಕು ಎಂದು ನನಗೆ ಅನಿಸಿತು.

"ಡಾಕ್ಟರ ಆಗೂದಿಲ್ಲ ಹಂಗಾರ."

"ಇಲ್ರಿ."

"ಮತ್ತೇನ ಆಗ್ತಿ?"

"ಅದು ಇನ್ನ ಗೊತ್ತಿಲ್ಲ. ಗಿಡದ್ದು ಓದ್ತೀನಿ."

"ಗಿಡಾ ನಾ ಹುಟ್ಟಿದಾಗಿಂದ ನೋಡಾಕತ್ತೇನಿ. ಅದಕ್ಕ ಕಾಲೇಜ ಯಾಕ ಬೇಕು?"

ಅವನು ಪಂಪು ಬೆನ್ನಿಗೇರಿಸಿ ಮುಂದಿನ ಸಾಲಿಗೆ ಹೋದ. ನಾನು ಅಲ್ಲೇ ನಿಂತೆ. ಸಾಲು ಮುಗಿಸಿ ತಿರುಗಿ ಬರುವಾಗ ಅವನ ಕೈಯಲ್ಲಿ ಒಂದು ಎಲೆ ಇತ್ತು. ಮೇಲೆ ಎಣ್ಣೆ ಬಿದ್ದಂಥ ಹಳದಿ ಕಲೆ. ಅದನ್ನು ನನ್ನ ಮುಂದೆ ತಿರುವಿ ಹಿಡಿದ, ಅಡಿಗೆ ಬೆಳ್ಳಗೆ ಅರಳೆಯಂಥದ್ದು ಕೂತಿತ್ತು.

"ಆ ಮೂಲ್ಯಾಗ ನಾಕ ಗಿಡಕ್ಕ ಬಂದೈತಿ. ಅಂಗಡ್ಯಾಂವ ಒಂದ ಹೆಸರ ಹೇಳ್ತಾನ, ನಿಮ್ಮ ಕಾಕಾ ಒಂದ ಹೇಳ್ತಾನ. ನಾ ಹೊಡಿಯೂದು ಹೊಡಿಯಾಕತ್ತೇನಿ. ಇದು ಏನ?"

"ಗೊತ್ತಿಲ್ರಿ. ನೋಡಬೇಕು."

"ನೋಡು. ಗೊತ್ತಾದ್ರ ಗೊತ್ತಾತು ಅನ್ನು, ಇಲ್ಲಂದ್ರ ಇಲ್ಲನ್ನು. ಡಾಕ್ಟರರಂಗ ಸುಮ್ನ ಏನರ ಹೇಳಬ್ಯಾಡ."

ಎಲೆಯನ್ನು ನನ್ನ ಅಂಗೈ ಮೇಲೆ ಇಟ್ಟು ಹೋದ. ಮರುದಿನ ಬೆಳಿಗ್ಗೆ ಬಸ್ಸು ಯಾವತ್ತಿನಂತೆ ತುಂಬಿ ಬಂದಿತ್ತು. ಒದ್ದೆ ಅರಿವೆಯಲ್ಲಿ ಸುತ್ತಿದ ಎಲೆಯನ್ನು ತಲೆಯ ಮೇಲೆ ಎತ್ತಿ ಹಿಡಿದು, ಒಂಟಿ ಕೈಯಲ್ಲಿ ಸರಳಿಗೆ ಜೋತುಬಿದ್ದು, ಅಥಣಿಯ ತನಕ ನಿಂತೇ ಹೋದೆ.